ಸ್ವಾನುಭವ ಕಥನದಲ್ಲಿ ಶಾಮನನ ಸ್ಥಾನ: ಅಯಾವಾಸ್ಕ ವಿಧಿಯ ಕಥನಗಳ ಒಂದು ವಿವೇಚನೆ

ಪಶ್ಚಿಮ ಅಮೆಜಾನ್ ಕಾಡಿನ ಜನಸಮುದಾಯಗಳು ಚಿಕಿತ್ಸೆಗಾಗಿ, ದರ್ಶನಕ್ಕಾಗಿ ಬಳಸುವ ಅಯಾವಾಸ್ಕ ಎಂಬ ಪೇಯವನ್ನು ಕುರಿತು ಎರಡು ಬಗೆಯ ಕಥನಗಳು ದೊರೆಯುತ್ತವೆ. ಒಂದು, ಆ ಪೇಯವನ್ನು ಬಳಸುತ್ತ ಬಂದ ಸಮುದಾಯಗಳು ತಮ್ಮೊಳಗೆ ಹೇಳಿಕೊಳ್ಳುವ ಕಥನ. ಇನ್ನೊಂದು, ಹೊರಗಿನಿಂದ ಹೋಗಿ ವಿಧಿಯಲ್ಲಿ ಪಾಲ್ಗೊಂಡು ಮರಳಿದವರು ಹೇಳುವ ಸ್ವಾನುಭವ ಕಥನ. ಈ ಎರಡನೆಯದು ಕಳೆದ ಐದಾರು ದಶಕಗಳಲ್ಲಿ ಅಪಾರವಾಗಿ ಬೆಳೆದು, ಶಾಮನ್ ಎಂದರೆ ಯಾರು ಎಂಬ ಹೊರಜಗತ್ತಿನ ತಿಳಿವಳಿಕೆಯನ್ನೇ ರೂಪಿಸಿದೆ. ಸ್ವಾನುಭವವೆಂಬ ಕಾರಣಕ್ಕೆ ಅದನ್ನು ನೇರ ಸಾಕ್ಷ್ಯವೆಂದು ಸ್ವೀಕರಿಸುವ ರೂಢಿಯೂ ಬೆಳೆದಿದೆ. ಆದರೆ ಸ್ವಾನುಭವ ಕಥನವೂ ಒಂದು ಕಥನ ಪ್ರಕಾರವೇ. ಅದಕ್ಕೂ ತನ್ನದೇ ಆದ ಚೌಕಟ್ಟು, ಆಶಯಗಳು ಮತ್ತು ಮೌನಗಳಿವೆ. ಈ ಚೌಕಟ್ಟಿನಲ್ಲಿ ಶಾಮನನಿಗೆ ದೊರೆತಿರುವ ಸ್ಥಾನವಾವುದು ಎಂಬುದೇ ಪ್ರಸ್ತುತ ವಿವೇಚನೆಯ ವಿಷಯ.

1. ಪೇಯ ಮತ್ತು ಪರಿಭಾಷೆ

ಕ್ವೆಚುವ ಭಾಷೆಯಲ್ಲಿ ‘ಅಯಾ’ ಎಂದರೆ ಸತ್ತವರ ಜೀವ, ಆತ್ಮ. ‘ವಾಸ್ಕ’ ಎಂದರೆ ಬಳ್ಳಿ ಅಥವಾ ಹಗ್ಗ. ಬ್ಯಾನಿಸ್ಟೀರಿಯಾಪ್ಸಿಸ್ ಎಂಬ ಕಾಡುಬಳ್ಳಿಯ ಕಾಂಡವನ್ನು ಜಜ್ಜಿ, ಪೆರುವಿನಲ್ಲಿ ಸಾಮಾನ್ಯವಾಗಿ ಚಕ್ರೂನ ಎಂಬ ಗಿಡದ ಎಲೆಗಳೊಡನೆ ದೀರ್ಘಕಾಲ ಕುದಿಸಿ ಈ ಪೇಯವನ್ನು ತಯಾರಿಸುತ್ತಾರೆ. ಎಲೆಯಲ್ಲಿರುವ ಡಿಎಂಟಿ ಎಂಬ ಸತ್ವವನ್ನು ಮಾತ್ರ ಸೇವಿಸಿದರೆ ದೇಹದ ಕಿಣ್ವವೊಂದು ಅದನ್ನು ಒಡೆದುಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್ ಮೊದಲಾದ ಕ್ಷಾರಗಳು ಆ ಕಿಣ್ವವನ್ನು ತಡೆಹಿಡಿಯುವುದರಿಂದ ದರ್ಶನ ಸಾಧ್ಯವಾಗುತ್ತದೆ. ಎರಡು ಬೇರೆ ಬೇರೆ ಸಸ್ಯಗಳನ್ನು ಹೀಗೆ ಕೂಡಿಸಿದ ಜಾಣ್ಮೆ ಅಮೆಜಾನಿನ ಸಸ್ಯಜ್ಞಾನದ ಹಿರಿಮೆಗೆ ಸಾಕ್ಷಿಯಾಗಿದೆ. ಇಂಗ್ಲಿಷ್ ಸಸ್ಯವಿಜ್ಞಾನಿ ರಿಚರ್ಡ್ ಸ್ಪ್ರೂಸ್ ಈ ಬಳ್ಳಿಯನ್ನು 1852ರಲ್ಲಿ ವೌಪೆಸ್ ನದಿಯ ದಡದಲ್ಲಿ ತುಕಾನೊ ಜನರ ನಡುವೆ ಗುರುತಿಸಿದನು.

ಶಾಮನ್ ಎಂಬ ಪದ ಮಾತ್ರ ಅಮೆಜಾನಿನದಲ್ಲ. ಸೈಬೀರಿಯದ ತುಂಗೂಸ್ ಜನರ ಭಾಷೆಯಿಂದ ಬಂದ ಆ ಪದವನ್ನು ಮಿರ್ಚಾ ಎಲಿಯಾಡ್ 1951ರ ತನ್ನ ಗ್ರಂಥದಲ್ಲಿ ವಿಶ್ವವ್ಯಾಪಿ ಪರಿಕಲ್ಪನೆಯಾಗಿ ಬೆಳೆಸಿದನು. ಪೆರುವಿನ ಮಿಶ್ರಮೂಲದ ಜನ ತಮ್ಮ ವೈದ್ಯನನ್ನು ‘ಕುರಾಂದೆರೊ’, ‘ವೆಜಿತಾಲಿಸ್ತ’ ಎನ್ನುತ್ತಾರೆ. ಶಿಪಿಬೊ ಜನ ‘ಒನಾನ್ಯ’, ಅಂದರೆ ಬಲ್ಲವನು, ಎನ್ನುತ್ತಾರೆ. ಈ ಹೆಸರುಗಳು ಚಿಕಿತ್ಸೆಯನ್ನು, ಸಸ್ಯವನ್ನು, ತಿಳಿವನ್ನು ಸೂಚಿಸುತ್ತವೆಯೇ ಹೊರತು ಭಾವಪರವಶತೆಯನ್ನಲ್ಲ. ಎಲ್ಲವನ್ನೂ ಶಾಮನ್ ಎಂಬ ಒಂದೇ ಪದದಲ್ಲಿ ಕರಗಿಸಿದಾಗ ಈ ವ್ಯತ್ಯಾಸಗಳು ಮರೆಯಾಗುತ್ತವೆ.

2. ಹೊರಗಿನವರ ಕಥನ: ಎರಡು ಮಾದರಿಗಳು

ವ್ಯಕ್ತಿಯೊಬ್ಬ ತನ್ನ ಅಲೌಕಿಕ ಅನುಭವವನ್ನು ತಾನೇ ಹೇಳುವ ಕಥನವನ್ನು ಸ್ವೀಡನ್ನಿನ ಜಾನಪದ ವಿದ್ವಾಂಸ ಫಾನ್ ಸಿಡೋ 1934ರಲ್ಲಿ ‘ಮೆಮೊರೇಟ್’ ಎಂದು ಕರೆದು ಐತಿಹ್ಯದಿಂದ ಬೇರ್ಪಡಿಸಿದನು. ಮುಂದೆ ಸಾಂಡ್ರಾ ಸ್ಟಾಲ್ 1977ರಲ್ಲಿ ಸ್ವಾನುಭವ ಕಥನವನ್ನು ಜಾನಪದದ ಪ್ರಕಾರವೆಂದೇ ಪರಿಗಣಿಸಬೇಕೆಂದು ವಾದಿಸಿದರು. ವಸ್ತು ವೈಯಕ್ತಿಕವಾದರೂ ಅದನ್ನು ಹೇಳುವ ಕ್ರಮ ಪರಂಪರೆಯದು ಎಂಬುದು ಈ ವಾದದ ಸಾರ. ಅಯಾವಾಸ್ಕ ಕಥನಗಳಿಗೆ ಇದನ್ನು ಅನ್ವಯಿಸಿದಾಗ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲ ಮಾದರಿ ಅಮೆರಿಕದ ಲೇಖಕರಾದ ವಿಲಿಯಂ ಬರೋಸ್ ಮತ್ತು ಅಲೆನ್ ಗಿನ್ಸ್‌ಬರ್ಗ್ ಅವರ ‘ದಿ ಯಾಹೆ ಲೆಟರ್ಸ್’ (1963). ಬರೋಸ್ 1953ರಲ್ಲಿ ಕೊಲಂಬಿಯ, ಪೆರುಗಳಲ್ಲಿ ಈ ಪೇಯವನ್ನು ಹುಡುಕುತ್ತ ಅಲೆದನು. ಗಿನ್ಸ್‌ಬರ್ಗ್ 1960ರಲ್ಲಿ ಪೆರುವಿನ ಪುಕಾಲ್ಪದಲ್ಲಿ ಅದನ್ನು ಸೇವಿಸಿದನು. ಬರೋಸ್‌ನ ಬರಹದಲ್ಲಿ ವೈದ್ಯನ ಚಿತ್ರಣ ತಿರಸ್ಕಾರ, ವ್ಯಂಗ್ಯಗಳಿಂದ ಕೂಡಿದೆ. ಗಿನ್ಸ್‌ಬರ್ಗ್‌ನಲ್ಲಿ ತಿರಸ್ಕಾರವಿಲ್ಲ, ಸಾವಿನ ಭಯವಿದೆ. ಆದರೆ ಅವನಿಗೂ ವೈದ್ಯ ಹಿನ್ನೆಲೆಯಲ್ಲಿ ಗುನುಗುವ ಒಂದು ದನಿ ಮಾತ್ರ. ಈ ಕೃತಿಯ ಪಾಠವನ್ನು ಪರಿಶೋಧಿಸಿದ ಆಲಿವರ್ ಹ್ಯಾರಿಸ್, 1953ರ ‘ಪತ್ರ’ಗಳು ಬಹುಮಟ್ಟಿಗೆ ಟಿಪ್ಪಣಿಗಳಿಂದ ಆಮೇಲೆ ಕಟ್ಟಲಾದವು ಎಂಬುದನ್ನು 2006ರ ಆವೃತ್ತಿಯಲ್ಲಿ ತೋರಿಸಿದ್ದಾರೆ. ಅನುಭವದ ಹಸಿ ದಾಖಲೆಯೆಂದು ಓದಲಾದ ಕೃತಿಯೇ ಉದ್ದೇಶಪೂರ್ವಕ ರಚನೆಯಾಗಿದೆ ಎಂಬುದು ಗಮನಾರ್ಹ.

ಎರಡನೆಯ ಮಾದರಿ ಮಾನವಶಾಸ್ತ್ರಜ್ಞ ಮೈಕೇಲ್ ಹಾರ್ನರ್ ‘ದಿ ವೇ ಆಫ್ ದಿ ಶಾಮನ್’ (1980) ಕೃತಿಯಲ್ಲಿ ಹೇಳಿಕೊಂಡ ಪ್ರಸಂಗ. ಪೆರುವಿನ ಕೊನಿಬೊ ಜನರ ನಡುವೆ 1960-61ರಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ಪೇಯವನ್ನು ಕುಡಿದ ಅವನಿಗೆ, ಆಕಾಶದಿಂದ ಬಂದು ಜಗತ್ತಿನ ಒಡೆಯರು ತಾವೆಂದು ಹೇಳಿಕೊಳ್ಳುವ ದೈತ್ಯಜೀವಿಗಳ ದರ್ಶನವಾಯಿತು. ಅದನ್ನು ಅವನು ಮೊದಲು ಕ್ರೈಸ್ತ ಮಿಷನರಿಗಳಿಗೆ ಹೇಳಿದನು. ಅವರು ಬೈಬಲಿನಲ್ಲಿ ಅದರ ಹೋಲಿಕೆಯನ್ನು ತೋರಿಸಿದರು. ಅನಂತರ ಒಬ್ಬ ಅಂಧ ವೃದ್ಧ ಶಾಮನನಿಗೆ ಹೇಳಿದನು. ಆ ವೃದ್ಧ ನಕ್ಕು, ಆ ಜೀವಿಗಳು ಯಾವಾಗಲೂ ಹಾಗೆಯೇ ಹೇಳಿಕೊಳ್ಳುತ್ತವೆ ಎಂದನಂತೆ. ಈ ಪ್ರಸಂಗ ಹಲವರ ಬರಹಗಳಲ್ಲಿ ಮರುಕಳಿಸುವಷ್ಟು ಪ್ರಸಿದ್ಧವಾಗಿದೆ. ಇಲ್ಲಿ ಶಾಮನನ ಬಗ್ಗೆ ಗೌರವವಿದೆ, ನಿಜ. ಆದರೆ ಅವನ ಕೆಲಸವೇನು? ಅತಿಥಿ ಕಂಡದ್ದು ನಿಜವೆಂದು ಮುದ್ರೆಯೊತ್ತುವುದು. ಆ ಪ್ರಸಂಗದಲ್ಲಿ ಅವನು ಯಾವ ರೋಗಿಗೂ ಹಾಡುವುದಿಲ್ಲ, ಯಾರ ನೋವನ್ನೂ ತೆಗೆಯುವುದಿಲ್ಲ.

ತಿರಸ್ಕಾರದ ಮಾದರಿ ಕ್ರಮೇಣ ಹಿಂದೆ ಸರಿದು ಗೌರವದ ಮಾದರಿಯೇ ಮುಂದಿನ ಪ್ರವಾಸಿ ಕಥನಗಳ ಅಚ್ಚಾಯಿತು. ಬದುಕಿನಲ್ಲೊಂದು ಬಿಕ್ಕಟ್ಟು, ನದಿಯ ಮೇಲಿನ ಪಯಣ, ಕತ್ತಲೆಯ ಗುಡಿಸಲು, ಕಹಿಯಾದ ಪೇಯ, ವಾಂತಿ, ಸರ್ಪದ ಅಥವಾ ತಾಯಿಯ ದರ್ಶನ, ಅಳು, ಹೊಸ ಹುಟ್ಟು, ಮರಳಿಕೆ ಎಂಬ ಆಶಯಗಳ ಅನುಕ್ರಮ ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಫಾನ್ ಗೆನೆಪ್ 1909ರಲ್ಲಿ ವಿವರಿಸಿದ ಅಗಲಿಕೆ, ಹೊಸ್ತಿಲು, ಮರುಸೇರ್ಪಡೆ ಎಂಬ ಮೂರು ಹಂತಗಳೂ ಕ್ರೈಸ್ತ ಮತಾಂತರ ಸಾಕ್ಷ್ಯದ ಜಾಡೂ ಇಲ್ಲಿ ಒಂದಾಗಿವೆ. ಕಥನದ ನಾಯಕ ಸಂದರ್ಶಕ. ಶಾಮನ್ ದಾರಿ ತೋರುವ ಸಹಾಯಕ ಪಾತ್ರ.

3. ಒಳಗಿನ ಲೋಕ: ಪಥ್ಯ, ಹಾಡು, ಮಾಟ

ಸ್ಥಳೀಯ ಪರಂಪರೆಯಲ್ಲಿ ಈ ಸಂಬಂಧ ಬಹುಮಟ್ಟಿಗೆ ತಲೆಕೆಳಗಾಗಿದೆ. ಶಿಪಿಬೊ ಮೊದಲಾದ ಸಮುದಾಯಗಳಲ್ಲಿ ಹಿಂದೆ ಪೇಯವನ್ನು ಕುಡಿಯುತ್ತಿದ್ದವನು ಮುಖ್ಯವಾಗಿ ವೈದ್ಯನೇ. ರೋಗಿ ಕುಡಿಯಲೇಬೇಕೆಂಬ ನಿಯಮವಿರಲಿಲ್ಲ. ನೋಡುವುದು ವೈದ್ಯನ ಕೆಲಸವಾಗಿತ್ತು, ಗುಣ ಹೊಂದುವುದು ರೋಗಿಯದಾಗಿತ್ತು. ಇದು ಎಲ್ಲೆಡೆಯ ನಿಯಮವಲ್ಲ. ತುಕಾನೊ ಗಂಡಸರು ಸಾಮೂಹಿಕ ಆಚರಣೆಗಳಲ್ಲಿ ಒಟ್ಟಾಗಿ ಕುಡಿಯುವುದನ್ನು ರೈಖೆಲ್ ದೊಲ್ಮತೊಫ್ ವಿವರಿಸಿದ್ದಾರೆ. ಆದರೆ ಅಲ್ಲಿಯೂ ದರ್ಶನ ಒಬ್ಬನ ಖಾಸಗಿ ಆಸ್ತಿಯಾಗಿರದೆ ಕುಲದ ಪುರಾಣದೊಳಗೇ ಅರ್ಥ ಪಡೆಯುತ್ತದೆ.

ವೈದ್ಯನಾಗುವುದು ದೀರ್ಘ ಪಥ್ಯದ ಹಾದಿ. ಲೂಯಿಸ್ ಎಡ್ವಾರ್ಡೊ ಲೂನ 1986ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಕಲಿಯುವವನು ಉಪ್ಪು, ಸಿಹಿ, ಲೈಂಗಿಕ ಸಂಬಂಧಗಳನ್ನು ತೊರೆದು ತಿಂಗಳುಗಟ್ಟಲೆ ಒಂಟಿಯಾಗಿದ್ದು ಸಸ್ಯಗಳನ್ನೇ ಗುರುಗಳಾಗಿ ಸ್ವೀಕರಿಸುತ್ತಾನೆ. ಅವು ಅವನಿಗೆ ಕೊಡುವ ವಿದ್ಯೆ ಹಾಡಿನ ರೂಪದಲ್ಲಿರುತ್ತದೆ. ‘ಇಕಾರೊ’ ಎಂಬ ಈ ಹಾಡುಗಳಲ್ಲಿ ಕ್ವೆಚುವ, ಸ್ಪ್ಯಾನಿಷ್ ಮತ್ತು ಸ್ಥಳೀಯ ಭಾಷೆಗಳು ಬೆರೆತಿರುವುದುಂಟು. ತಂಬಾಕಿನ ಹೊಗೆಯನ್ನು ಊದುತ್ತ, ಎಲೆಗಳ ಕಟ್ಟನ್ನು ಅಲುಗಿಸುತ್ತ ಹಾಡುವ ಇಕಾರೊ ದರ್ಶನವನ್ನು ಕರೆಯುತ್ತದೆ, ತಡೆಯುತ್ತದೆ, ರೋಗವನ್ನು ಹೊರದೂಡುತ್ತದೆ. ಪೇಯ ಕಣ್ಣು ತೆರೆಸಿದರೆ ಚಿಕಿತ್ಸೆಯನ್ನು ಮಾಡುವುದು ಹಾಡು.

ಆ ಚಿಕಿತ್ಸೆ ಯಾವುದಕ್ಕೆ? ಪೆರುವಿನ ಇಕಿಟೋಸ್ ನಗರದ ಬೆಲೆನ್ ಎಂಬ ಬಡ ಬಡಾವಣೆಯಲ್ಲಿ 1960ರ ದಶಕದ ಕೊನೆಯಲ್ಲಿ ಕ್ಷೇತ್ರಕಾರ್ಯ ಮಾಡಿ ‘ವಿಷನರಿ ವೈನ್’ (1972) ಬರೆದ ಮಾರ್ಲೀನ್ ಡಾಬ್ಕಿನ್ ಡಿ ರಿಯೋಸ್ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದ್ದಾರೆ. ಅಲ್ಲಿನ ರೋಗಿಗಳು ತಮ್ಮ ರೋಗ, ದುರದೃಷ್ಟ, ದಾಂಪತ್ಯದ ಬಿರುಕುಗಳಿಗೆ ಮಾಟ ಮಾಡಿಸಿದವರು ಯಾರೆಂದು ತಿಳಿಯಲು ವೈದ್ಯನಲ್ಲಿಗೆ ಬರುತ್ತಿದ್ದರು. ರೋಗದ ಬೇರು ನೆರೆಹೊರೆಯ ಅಸೂಯೆ, ಸಾಲ, ಜಗಳಗಳಲ್ಲಿತ್ತು. ಅದೇ ಪೇಯವನ್ನು ಕುಡಿದ ಪ್ರವಾಸಿ ತನ್ನ ಬಾಲ್ಯದ ಗಾಯವನ್ನು ಕಾಣುತ್ತಾನೆ. ಬೆಲೆನ್‌ನ ಹೆಂಗಸು ತನ್ನ ನೆರೆಮನೆಯವಳ ಮುಖವನ್ನು ಕಾಣುತ್ತಾಳೆ. ಪೇಯ ಒಂದೇ ಆದರೂ ಕಾಣುವ ಕಣ್ಣಿಗೆ ಕಥನ ಪರಂಪರೆ ಮೊದಲೇ ದಾರಿ ಹಾಕಿರುತ್ತದೆ. ಕೊಲಂಬಿಯದ ಸಿಯೋನ ಜನರ ಕಥನಗಳನ್ನು 1970ರ ದಶಕದಿಂದ ಸಂಗ್ರಹಿಸಿದ ಜೀನ್ ಲ್ಯಾಂಗ್ಡನ್ ಅವರ ಅಧ್ಯಯನಗಳೂ ಇದನ್ನು ಪುಷ್ಟೀಕರಿಸುತ್ತವೆ. ಹಿರಿಯರ ದರ್ಶನದ ಕಥೆಗಳನ್ನು ಕೇಳುತ್ತ ಬೆಳೆದವನೇ ಮುಂದೆ ಅಂಥ ದರ್ಶನಗಳಿಗೆ ಸಿದ್ಧನಾಗುತ್ತಾನೆ.

ಮಾಟ ತೆಗೆಯಬಲ್ಲವನಿಗೆ ಮಾಟ ಮಾಡಲೂ ಬರುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ವೈದ್ಯನ ಎದೆಯಲ್ಲಿರುವ ಮಾಂತ್ರಿಕ ಕಫ ಚಿಕಿತ್ಸೆಯ ಸಾಧನವೂ ಹೌದು, ಅದೃಶ್ಯ ಬಾಣಗಳ ಬತ್ತಳಿಕೆಯೂ ಹೌದು ಎಂಬುದನ್ನು ಸ್ಟೀಫನ್ ಬೇಯರ್ 2009ರ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ವೈದ್ಯವೃತ್ತಿಯನ್ನು 1977ರಲ್ಲಿ ಬಿಟ್ಟು ಚಿತ್ರಕಾರನಾದ ಪುಕಾಲ್ಪದ ಪಾಬ್ಲೊ ಅಮರಿಂಗೊ, ಲೂನ ಅವರೊಡನೆ 1991ರಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿ ದೇವತೆಗಳು, ಸರ್ಪಗಳು, ಅರಮನೆಗಳ ಜತೆಗೆ ಮಾಂತ್ರಿಕರ ಕಾಳಗಗಳೂ ಇವೆ. ಸಂದರ್ಶಕರ ಕಥನಗಳಲ್ಲಿ ಈ ಕಾಳಗಕ್ಕೆ ಎಡೆ ದೊರೆಯುವುದು ಅಪರೂಪ.

4. ಕಥನದ ಮೌನ ಮತ್ತು ಅದರ ಪರಿಣಾಮ

ಇದಕ್ಕೆ ಪ್ರತಿಯಾಗಿ, ಹೊರಗಿನವರ ಕಥನ ಕೃತಕ, ಒಳಗಿನವರದು ಶುದ್ಧ ಮತ್ತು ಪ್ರಾಚೀನ ಎಂದು ವಿಂಗಡಿಸುವುದೂ ಸರಿಯಲ್ಲ. ಅಯಾವಾಸ್ಕ ಚಿಕಿತ್ಸೆಯ ಇಂದಿನ ರೂಪ ಕಳೆದ ಕೆಲವು ಶತಮಾನಗಳಲ್ಲಿ ಮಿಷನ್ ವಸಾಹತುಗಳು ಮತ್ತು ರಬ್ಬರ್ ಉದ್ಯಮದ ನಡುವೆ ಬೆಳೆಯಿತೆಂದು ಪೀಟರ್ ಗೌ 1994ರಲ್ಲಿ ವಾದಿಸಿದರು. ಪುತುಮಾಯೊ ಪ್ರದೇಶದಲ್ಲಿ ರಬ್ಬರ್ ಕಂಪನಿ ಮೂಲನಿವಾಸಿಗಳ ಮೇಲೆ ನಡೆಸಿದ ಘೋರ ಹಿಂಸೆಯನ್ನು ರೋಜರ್ ಕೇಸ್ಮೆಂಟ್‌ನ ವರದಿ 1912ರಲ್ಲಿ ಬಯಲಿಗೆಳೆಯಿತು. ‘ಕಾಡುಮನುಷ್ಯ’ನೆಂದು ಹಿಂಸೆಗೊಳಗಾದವನಲ್ಲಿಯೇ ವಿಶೇಷ ಚಿಕಿತ್ಸಾಶಕ್ತಿ ಇದೆಯೆಂದು ವಸಾಹತುಗಾರರು ನಂಬಿ ಅವನ ಮನೆಬಾಗಿಲಿಗೆ ಬಂದುದನ್ನು ಮೈಕೇಲ್ ಟೌಸಿಗ್ 1987ರಲ್ಲಿ ವಿಶ್ಲೇಷಿಸಿದ್ದಾರೆ. ಇಂದಿನ ಸಂದರ್ಶಕನ ಭಕ್ತಿ ಈ ಇತಿಹಾಸದ ಮುಂದುವರಿಕೆಯೇ ಆಗಿದೆ. ಸಂದರ್ಶಕರು ಬಂದಂತೆ ವೈದ್ಯರೂ ತಮ್ಮ ವಿಧಿಯನ್ನು, ಮಾತನ್ನು ಹೊಂದಿಸಿಕೊಂಡಿದ್ದಾರೆ. ಅವರಿಗೆ ಅದರಿಂದ ಜೀವನೋಪಾಯವೂ ಗೌರವವೂ ದೊರೆತಿವೆ. ಪೆರು ಸರ್ಕಾರ ಮೂಲನಿವಾಸಿ ಸಮುದಾಯಗಳ ಅಯಾವಾಸ್ಕ ಜ್ಞಾನ ಮತ್ತು ಬಳಕೆಯನ್ನು 2008ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು.

ಹಾಗಾದರೆ ಆಕ್ಷೇಪವೇನು? ಶಾಮನನ ಎರಡು ಮುಖಗಳಲ್ಲಿ ಒಂದನ್ನು ಅಳಿಸಿದ ಕಥನ, ಕೆಡುಕು ಸಂಭವಿಸಿದಾಗ ಅದನ್ನು ಹೇಳಲು ಭಾಷೆಯನ್ನೇ ಉಳಿಸುವುದಿಲ್ಲ ಎಂಬುದು. ವಿಧಿಯ ನೆಪದಲ್ಲಿ ಮಹಿಳಾ ಸಂದರ್ಶಕರ ಮೇಲೆ ಕೆಲವು ವೈದ್ಯರಿಂದ ನಡೆದ ಲೈಂಗಿಕ ದುರ್ಬಳಕೆಯನ್ನು ಡೇನಿಯೆಲಾ ಪೆಲುಸೊ 2014ರ ಪ್ರಬಂಧವೊಂದರಲ್ಲಿ ಚರ್ಚಿಸಿದ್ದಾರೆ. ಕಂಡದ್ದೆಲ್ಲ ಪಾಠ, ನೋವೆಲ್ಲ ಶುದ್ಧೀಕರಣ ಎಂಬ ಚೌಕಟ್ಟಿನೊಳಗೆ ಅಂಥ ದೂರು ಅಳವಡುವುದಿಲ್ಲ. ಹೇಳಿದವಳೇ ತನ್ನ ಭಯವನ್ನು ಗೆಲ್ಲದವಳಾಗುತ್ತಾಳೆ. ಖಿನ್ನತೆಗೆ ಔಷಧ ಸೇವಿಸುತ್ತಿರುವವರಿಗೆ ಈ ಬಳ್ಳಿಯ ಕ್ಷಾರಗಳು ಅಪಾಯಕಾರಿಯಾಗಬಲ್ಲವು ಎಂಬ ಎಚ್ಚರಿಕೆಗೂ ಪುನರ್ಜನ್ಮದ ಕಥನದಲ್ಲಿ ಜಾಗ ಕಡಿಮೆ. ಮಾಟದ ಭಯವಿರುವ ಸ್ಥಳೀಯನಾದರೋ ಯಾವ ವೈದ್ಯನ ಬಳಿ ಹೋಗಬೇಕು, ಯಾರನ್ನು ಜತೆಗೆ ಕರೆದೊಯ್ಯಬೇಕು ಎಂದು ವಿಚಾರಿಸಿಯೇ ಹೋಗುತ್ತಾನೆ. ಅವನ ಅನುಮಾನವೂ ಒಂದು ಬಗೆಯ ಜ್ಞಾನವೇ.

ಕೆಡುಕು ಒಂದೇ ದಿಕ್ಕಿನಿಂದ ಬರುವುದೂ ಅಲ್ಲ. ಶಿಪಿಬೊ ಜನರ ಹಿರಿಯ ವೈದ್ಯೆ, ಹಾಡುಗಾರ್ತಿ ಒಲಿವಿಯಾ ಅರೆವಾಲೊ 2018ರ ಏಪ್ರಿಲ್‌ನಲ್ಲಿ ಪುಕಾಲ್ಪದ ಸಮೀಪ ತಮ್ಮ ಊರಿನಲ್ಲೇ ಗುಂಡೇಟಿಗೆ ಬಲಿಯಾದರು. ಶಂಕಿತನಾದ ಕೆನಡಾದ ಪ್ರಜೆಯನ್ನು ಗುಂಪೊಂದು ಕೊಂದುಹಾಕಿತು. ಆ ಸುದ್ದಿ ಹೊರಜಗತ್ತಿನಲ್ಲಿ ಹಬ್ಬಿದಾಗ ಬಹುಪಾಲು ಚರ್ಚೆ ಪ್ರವಾಸಿಯ ಸುತ್ತಲೇ ನಡೆಯಿತು. ಆಕೆ ಏನು ಹಾಡುತ್ತಿದ್ದರು, ಯಾರಿಗೆ ಕಲಿಸಿದ್ದರು ಎಂಬ ಪ್ರಶ್ನೆಗಳು ಹಿಂದೆ ಸರಿದವು. ಕಥನದಲ್ಲಿ ಸಹಾಯಕ ಪಾತ್ರವಾದವರು ಸಾವಿನಲ್ಲೂ ಸಹಾಯಕ ಪಾತ್ರವಾಗಿಯೇ ಉಳಿದರು.

5. ಸಮಾರೋಪ

ಕನ್ನಡ ಜಾನಪದ ಅಧ್ಯಯನದಲ್ಲಿ ಶಾಮನ್ ಎಂಬ ಪದವನ್ನು ತೌಲನಿಕ ಸಂದರ್ಭಗಳಲ್ಲಿ ಬಳಸುವಾಗಲೂ ಈ ಎಚ್ಚರ ಅಗತ್ಯ. ತುಳುನಾಡಿನ ಭೂತಾರಾಧನೆಯ ಪಾತ್ರಿಯ ಮೈಮೇಲೆ ದೈವ ಬರುತ್ತದೆ. ದೈವವೇ ಅವನ ಬಾಯಿಂದ ನುಡಿಯುತ್ತದೆ. ಅಯಾವಾಸ್ಕ ವೈದ್ಯನಾದರೋ ಎಚ್ಚರ ತಪ್ಪದೆ ತನ್ನ ದನಿಯಲ್ಲೇ, ಸಸ್ಯಗಳಿಂದ ಕಲಿತ ಹಾಡನ್ನು ಹಾಡುತ್ತಾನೆ. ಒಂದೇ ಪದದಿಂದ ಇಬ್ಬರನ್ನೂ ಗುರುತಿಸಿದರೆ ಇಬ್ಬರೂ ಅರ್ಥವಾಗುವುದಿಲ್ಲ. ಆದರೆ ವೈದ್ಯವೂ ಮಾಟವೂ ಒಂದೇ ಕೈಯಲ್ಲಿರಬಲ್ಲವು ಎಂಬ ತಿಳಿವಳಿಕೆ ಕನ್ನಡದ ಮಂತ್ರವಾದಿ ಕಥನಗಳನ್ನು ಬಲ್ಲ ಸಂಶೋಧಕರಿಗೆ ಹೊಸದಲ್ಲ. ಆ ತಿಳಿವಳಿಕೆ ಇಲ್ಲಿ ಉಪಯುಕ್ತ.

ಸ್ವಾನುಭವ ಕಥನಗಳನ್ನು ಸುಳ್ಳೆಂದು ತಳ್ಳಿಹಾಕುವುದು ಈ ವಿವೇಚನೆಯ ಉದ್ದೇಶವಲ್ಲ. ಅತ್ತವರ ಅಳು ನಿಜ, ನೆಮ್ಮದಿ ಕಂಡವರ ನೆಮ್ಮದಿಯೂ ನಿಜ. ಆದರೆ ಅವು ಹೇಳಿದವರನ್ನು ಕುರಿತ ಆಕರಗಳೇ ಹೊರತು ಶಾಮನನನ್ನು ಕುರಿತ ಆಕರಗಳಲ್ಲ. ಅಂಥ ಕಥನವನ್ನು ದಾಖಲಿಸುವ ಸಂಶೋಧಕರು ಅದೇ ರಾತ್ರಿಯನ್ನು ಕುರಿತು ವೈದ್ಯ ಏನು ಹೇಳುತ್ತಾನೆ, ಯಾವ ಹಾಡನ್ನು ಯಾರಿಗಾಗಿ ಹಾಡಿದನು, ಅದನ್ನು ಯಾವ ಪಥ್ಯದಿಂದ ಪಡೆದನು, ಎಷ್ಟು ಹಣ ಯಾರ ಕೈ ಸೇರಿತು, ಆ ಊರಿನ ಜನ ಅವನ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನೂ ದಾಖಲಿಸಬೇಕಾಗಿದೆ. ಈ ಎರಡನೆಯ ದಾಖಲೆಯಿಲ್ಲದೆ ಮೊದಲನೆಯದರ ಬಲದ ಮೇಲೆ ಶಾಮನನ ಪಾತ್ರವನ್ನು ಕುರಿತು ತೀರ್ಮಾನಕ್ಕೆ ಬರುವುದು ಜಾನಪದ ಸಂಶೋಧನೆಯ ಶಿಸ್ತಿಗೆ ಒಪ್ಪುವಂಥದಲ್ಲ.