ರಕ್ತದಲ್ಲಿ ಯಕೃತ್ತಿನ ಅರ್ಬುದಕಣಗಳ ಶೋಧ: ಒಂದು ವಿಮರ್ಶೆ

ವಿರಳವಾದುದನ್ನು ಹುಡುಕುವ ವಿದ್ಯೆಗೆ ಕೋಲಾರದ ಚಿನ್ನದ ಗಣಿಗಳಷ್ಟು ಒಪ್ಪುವ ನಿದರ್ಶನ ನಮ್ಮ ನಾಡಿನಲ್ಲಿ ಬೇರೊಂದಿರಲಾರದು. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಟನ್ನುಗಟ್ಟಲೆ ಕಲ್ಲನ್ನು ಅರೆದು ಗ್ರಾಮುಗಳ ಲೆಕ್ಕದಲ್ಲಿ ಚಿನ್ನವನ್ನು ತೆಗೆಯುತ್ತಿದ್ದರು. ಅಲ್ಲಿಯೇ 1965ರಲ್ಲಿ ಭೌತವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕಂಡರು. ಇತರ ವಿಶ್ವಕಿರಣಗಳ ಗದ್ದಲವನ್ನು ತಡೆಯಲು ಅವರಿಗೆ ಎರಡು ಕಿಲೋಮೀಟರಿಗೂ ಮಿಕ್ಕ ಬಂಡೆಯ ಮರೆ ಬೇಕಾಯಿತು.

ರಕ್ತದಲ್ಲಿ ಸಂಚರಿಸುವ ಅರ್ಬುದಕಣಗಳನ್ನು ಅರಸುವವರಿಗೆ ಅಂಥ ಮರೆಯಿಲ್ಲ. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳೂ ಲಕ್ಷಗಟ್ಟಲೆ ಬಿಳಿಯ ಕಣಗಳೂ ಇರುತ್ತವೆ. ಅವುಗಳ ನಡುವೆ ಅರ್ಬುದಕಣ ಒಂದೆರಡು ಇದ್ದರೆ ಉಂಟು, ಇಲ್ಲವಾದರೆ ಇಲ್ಲ. ಮೃತ ರೋಗಿಯೊಬ್ಬನ ರಕ್ತದಲ್ಲಿ ಇಂಥ ಕಣಗಳನ್ನು ಆಸ್ಟ್ರೇಲಿಯದ ಆಶ್‌ವರ್ತ್ 1869ರಲ್ಲಿಯೇ ವರ್ಣಿಸಿದ್ದನು. 2004ರಲ್ಲಿ ಅಮೆರಿಕದ ಸರಕಾರ ಒಂದು ಪರೀಕ್ಷಾಕ್ರಮಕ್ಕೆ ಒಪ್ಪಿಗೆಯಿತ್ತಿತು. ಕಣದ ಹೊರಮೈಯಲ್ಲಿರುವ ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಕಾಂತಶಕ್ತಿಯುಳ್ಳ ಸೂಕ್ಷ್ಮ ಪುಡಿಯಿಂದ ಹಿಡಿದು, 7.5 ಮಿಲಿಲೀಟರು ರಕ್ತದಲ್ಲಿನ ಕಣಗಳನ್ನು ಎಣಿಸುವುದೇ ಈ ಕ್ರಮ. ಒಪ್ಪಿಗೆ ದೊರೆತದ್ದು ಮೊದಲು ಸ್ತನದ, ಅನಂತರ ದೊಡ್ಡ ಕರುಳಿನ ಮತ್ತು ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ. ಅದೂ ಆಗಲೇ ಹರಡಿದ ರೋಗದ ಮುಂದಿನ ಗತಿಯನ್ನು ಅಳೆಯಲು. ಯಕೃತ್ತಿನ ಹೆಸರು ಆ ಪಟ್ಟಿಯಲ್ಲಿಲ್ಲ.

ನಮ್ಮ ಆಕ್ಷೇಪಣೆ ಇಲ್ಲಿಂದಲೇ ಮೊದಲಾಗುತ್ತದೆ. ಯಕೃತ್ತಿನ ಅರ್ಬುದಕಣಗಳಲ್ಲಿ ಬಹುಪಾಲಿಗೆ ಎಪ್‌ಕ್ಯಾಮ್ ಇರುವುದೇ ಇಲ್ಲ. ಆದುದರಿಂದ ‘ಕಣಗಳು ದೊರೆಯಲಿಲ್ಲ’ ಎಂಬ ವರದಿ ಬಲೆಯ ಕಣ್ಣನ್ನು ಕುರಿತದ್ದೇ ಹೊರತು ರೋಗಿಯ ಯಕೃತ್ತನ್ನು ಕುರಿತದ್ದಲ್ಲ. ಯಕೃತ್ತಿನ ಕಣಕ್ಕೇ ವಿಶಿಷ್ಟವಾದ ಗ್ರಾಹಕವೊಂದನ್ನು ಗುರಿಯಾಗಿಟ್ಟು ಬಲೆ ಹೆಣೆದವರೂ ಉಂಟು. ಅವರಿಗೆ ಎದುರಾಗುವುದು ವಿಪರೀತದ ತೊಡಕು: ಶಸ್ತ್ರಕ್ರಿಯೆಯಿಂದಲೋ ಬೇರೆ ಗಾಯದಿಂದಲೋ ನಿರುಪದ್ರವಿಯಾದ ಯಕೃತ್ಕಣವೂ ರಕ್ತಕ್ಕೆ ಸೇರಬಹುದು. ಸಿಕ್ಕಿದ್ದು ಯಕೃತ್ತಿನದೆಂದ ಮಾತ್ರಕ್ಕೆ ಅರ್ಬುದವಾಗದು. ಅದರ ವಂಶವಾಹಿಗಳನ್ನು ಬೇರೆಯಾಗಿ ಪರೀಕ್ಷಿಸಬೇಕು. ಕೋಲಾರದ ಗಣಿಯಲ್ಲಿಯೇ 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವೆಂದು ತೋರಿದ ಕೆಲವು ಘಟನೆಗಳು ದಾಖಲಾಗಿದ್ದವು. ಅಮೆರಿಕ ಮತ್ತು ಜಪಾನಿನ ಹೆಚ್ಚು ದೊಡ್ಡ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ಅಲ್ಲಿ ಸೋತದ್ದು ಒಂದು ಊಹೆ. ಇಲ್ಲಿ ಪಣಕ್ಕಿರುವುದು ಮನುಷ್ಯನ ಪ್ರಾಣ.

ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವ ರೋಗಿಯನ್ನು ನೆನೆಯೋಣ. ಹೆಪಟೈಟಿಸ್ ಬಿ ಸೋಂಕು ನೆಲೆನಿಂತವನಿಗೂ ಯಕೃತ್ತು ಗಡುಸುಗಟ್ಟಿದವನಿಗೂ ಇಂದು ವಿಹಿತವಾಗಿರುವುದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಆಲ್ಫಾ ಫೀಟೊಪ್ರೋಟೀನಿನ ಪರೀಕ್ಷೆ. ಈ ಪ್ರೋಟೀನೂ ಕೆಲವೊಮ್ಮೆ ಮೋಸಗೊಳಿಸುವುದುಂಟು. ಅರ್ಬುದವಿದ್ದೂ ಏರದೆ ಉಳಿಯಬಹುದು. ಆದರೂ ಹೊಸ ಪರೀಕ್ಷೆಯ ಶೂನ್ಯವನ್ನು ನಂಬಿ ಅವನು ಅಲ್ಟ್ರಾಸೌಂಡನ್ನು ಬಿಟ್ಟರೆ ಆಗುವ ಕೇಡು ಅದಕ್ಕಿಂತ ದೊಡ್ಡದು.

ಇನ್ನೊಂದು ಮಾತು. ಸಾಮಾನ್ಯ ನಳಿಕೆಯಲ್ಲಿ ತೆಗೆದ ರಕ್ತದಲ್ಲಿ ಈ ಕಣಗಳು ಬೇಗನೆ ಕೆಡುತ್ತವೆ. ಮೇಲೆ ಹೇಳಿದ ಕ್ರಮಕ್ಕಾಗಿ ಮಾಡಿದ ಸಂರಕ್ಷಕ ನಳಿಕೆಯಲ್ಲಿ 96 ಗಂಟೆಗಳ ಅವಕಾಶವಿದೆ. ಎಷ್ಟು ರಕ್ತ, ಯಾವ ನಳಿಕೆ, ಯಾವ ಗುರುತಿನ ಪ್ರೋಟೀನು, ತೆಗೆದ ಎಷ್ಟು ಗಂಟೆಯ ಮೇಲೆ ಎಣಿಕೆ ಎಂಬಿಷ್ಟನ್ನೂ ಕಾಣಿಸದ ವರದಿಯನ್ನು ನಾವು ಫಲಿತಾಂಶವೆಂದು ಒಪ್ಪಲಾರೆವು.