ಹುಟ್ಟುಗುಣ, ಸಾಕಿದ ಕೈ ಮತ್ತು ಮಕ್ಕಳ ನಗು

ಮಕ್ಕಳ ವಿಷಯದಲ್ಲಿ ನಮ್ಮ ಗಾದೆಗಳು ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದ ಬಾಯೇ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದೂ ಕೇಳುತ್ತದೆ. ಮೊದಲನೆಯದನ್ನು ನಂಬಿದರೆ ಹೆತ್ತವರಿಗೆ ಕೆಲಸವಿಲ್ಲ, ಎರಡನೆಯದನ್ನು ನಂಬಿದರೆ ನಿದ್ದೆಯಿಲ್ಲ. ಅಮೆರಿಕಕ್ಕೆ ಬಂದು ನೆಲೆಸಿದ ನಾವು ಬಹುಮಟ್ಟಿಗೆ ಎರಡನೆಯ ಗಾದೆಯ ಒಕ್ಕಲು. ಶನಿವಾರ ಸಾಕರ್, ಸಂಜೆ ಪಿಯಾನೊ, ಭಾನುವಾರ ಕನ್ನಡ ತರಗತಿ. ಮಗು ಸಂತೋಷವಾಗಿರಲಿ ಎಂಬ ಆಸೆಗೆ ಅದರ ಬಿಡುವನ್ನೆಲ್ಲ ಭರ್ತಿ ಮಾಡಿಬಿಡುತ್ತೇವೆ.

2025ರ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪನವರು ತೀರಿಕೊಂಡ ಮೇಲೆ ‘ಗೃಹಭಂಗ’ವನ್ನು (1970) ಮತ್ತೆ ಕೈಗೆತ್ತಿಕೊಂಡಾಗ ಈ ಎರಡು ಗಾದೆಗಳೂ ಅಲ್ಲಿ ಎದುರುಬದುರು ಕೂತಿರುವುದು ಕಾಣಿಸಿತು. ನಂಜಮ್ಮನ ಗೋಳಿನ ಕತೆಯೆಂದೇ ಹೆಸರಾದ ಈ ಕಾದಂಬರಿ ಮಕ್ಕಳನ್ನು ಬೆಳೆಸುವುದರ ಕತೆಯೂ ಹೌದು. ಒಂದೇ ಮನೆತನ, ಇಬ್ಬರು ತಾಯಂದಿರು. ಗಂಡನಿಲ್ಲದೆ ಎರಡು ಗಂಡುಮಕ್ಕಳನ್ನು ಬೆಳೆಸಿದ ಗಂಗಮ್ಮನಿಗೆ ಬೈಗುಳವೇ ಭಾಷೆ. ಚೆನ್ನಿಗರಾಯ, ಅಪ್ಪಣ್ಣಯ್ಯ ಇಬ್ಬರೂ ಹೊಣೆಗೇಡಿಗಳಾಗುತ್ತಾರೆ. ಅದೇ ಮನೆಗೆ ಸೊಸೆಯಾಗಿ ಬಂದ ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ, ಪಾರ್ವತಿ, ರಾಮಣ್ಣ, ವಿಶ್ವ ಈ ಮೂವರನ್ನು ಸಾಕುತ್ತಾಳೆ.

ಹಾಗಾದರೆ ಭೈರಪ್ಪನವರ ಮತು ಎರಡನೆಯ ಗಾದೆಗೋ? ಅಷ್ಟು ಸುಲಭವಲ್ಲ. ನಂಜಮ್ಮನ ಗಟ್ಟಿತನ ಬಂದದ್ದು ಎಲ್ಲಿಂದ? ತಂದೆ ಕಂಠೀಜೋಯಿಸರದು ಯಾರಿಗೂ ಬಗ್ಗದ ಒರಟು ರಕ್ತ. ಸಾಕಿದವಳು ಅಜ್ಜಿ ಅಕ್ಕಮ್ಮ, ಅವಳದು ಅಂತಃಕರಣದ ಕೈ. ಲೇಖಕರು ಇಬ್ಬರನ್ನೂ ನಮ್ಮ ಮುಂದೆ ನಿಲ್ಲಿಸಿ ಸುಮ್ಮನಾಗುತ್ತಾರೆ. ಆ ಮೌನವೇ ಕಾದಂಬರಿಯ ಶಕ್ತಿ. ಆದರೆ ಇದೇ ಔದಾರ್ಯ ಗಂಗಮ್ಮನಿಗೆ ಸಿಕ್ಕಿಲ್ಲ ಎಂಬುದು ನಮ್ಮ ತಕರಾರು. ಅವಳು ಏಕೆ ಹಾಗಾದಳು ಎಂದು ಒಳಹೊಕ್ಕು ನೋಡುವ ವ್ಯವಧಾನ ಕತೆಗಾರರಿಗಿಲ್ಲ. ನಂಜಮ್ಮನಿಗೆ ಹುಟ್ಟೂ ಇದೆ, ಬೆಳೆದ ಬಗೆಯೂ ಇದೆ. ಗಂಗಮ್ಮನಿಗೆ ಮಾತ್ರ ಬರೀ ಹುಟ್ಟುಗುಣ.

ಈ ಮಾತನ್ನು ವಿಜ್ಞಾನಿಗಳೂ ಬೇರೆ ಥರ ಜಗಳಾಡಿದ್ದಾರೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿಗಳು 1956ರಲ್ಲಿ ನ್ಯೂಯಾರ್ಕಿನಲ್ಲಿ ಎಳೆಗೂಸುಗಳನ್ನು ಗಮನಿಸಲು ತೊಡಗಿ, ವರ್ಷಗಟ್ಟಲೆ ಅವರ ಬೆನ್ನು ಹತ್ತಿದರು. ಸುಮಾರು ಶೇ. 40ರಷ್ಟು ಮಕ್ಕಳು ಸರಾಗ ಸ್ವಭಾವದವರು, ಶೇ. 10ರಷ್ಟು ಹಟಮಾರಿಗಳು, ಶೇ. 15ರಷ್ಟು ನಿಧಾನವಾಗಿ ಹೊಂದಿಕೊಳ್ಳುವವರು. ಉಳಿದವರು ಯಾವ ಡಬ್ಬಿಗೂ ಸೇರಲಿಲ್ಲ. ಅವರು ಕಂಡುಕೊಂಡದ್ದು ಇಷ್ಟು: ಸ್ವಭಾವ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಮಗುವಿನ ಸ್ವಭಾವಕ್ಕೂ ಮನೆಯ ನಿರೀಕ್ಷೆಗೂ ಹೊಂದಿಕೆಯಾಗುತ್ತದೆಯೇ ಎಂಬುದೇ ಮುಖ್ಯ. 1996ರಲ್ಲಿ ಮಿನ್ನೆಸೋಟಾದ ಲಿಕ್ಕನ್ ಮತ್ತು ಟೆಲೆಗನ್ ಅವಳಿಗಳ ಅಧ್ಯಯನದಿಂದ, ನೆಮ್ಮದಿಯ ಮಟ್ಟ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ, ಹೆಚ್ಚು ಸುಖಿಯಾಗಲು ಹೆಣಗುವುದು ಹೆಚ್ಚು ಎತ್ತರವಾಗಲು ಹೆಣಗಿದಂತೆ ವ್ಯರ್ಥವಿರಬಹುದು ಎಂದುಬಿಟ್ಟರು. ಮುಂದೆ ಲಿಕ್ಕನ್ನರೇ ಆ ಮಾತನ್ನು ಹಿಂತೆಗೆದುಕೊಂಡರು.

ನಮ್ಮ ಕಸುಬಿನವರು ಹುಟ್ಟುಗುಣವೆಂದರೆ ಹಾರ್ಡ್‌ವೇರ್, ಸಾಕಣೆಯೆಂದರೆ ಸಾಫ್ಟ್‌ವೇರ್ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಹೋಲಿಕೆ ಚೆಂದ, ಆದರೆ ಸುಳ್ಳು. ಯಾವ ಚಿಪ್ಪೂ ತನಗೆ ಪ್ರೋಗ್ರಾಂ ಬರೆಯುವವನ ಮನಸ್ಸನ್ನು ಬದಲಿಸುವುದಿಲ್ಲ. ಮಗು ಬದಲಿಸುತ್ತದೆ. ನಗುವ ಕೂಸನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ, ಎತ್ತಿಕೊಂಡಷ್ಟೂ ಅದು ನಗುತ್ತದೆ. ರಚ್ಚೆ ಹಿಡಿಯುವ ಕೂಸು ದಣಿದ ತಾಯಿಯನ್ನು ಇನ್ನಷ್ಟು ದಣಿಸುತ್ತದೆ.

ಇಲ್ಲಿ ಇನ್ನೊಂದು ಪುಸ್ತಕವನ್ನು ಪಕ್ಕದಲ್ಲಿಡಬೇಕು: 2021ರಲ್ಲಿ ನಮ್ಮನ್ನಗಲಿದ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಎತ್ತುಗಳ ಜಾಗದಲ್ಲಿ ಮನುಷ್ಯರು ನೊಗ ಹೊತ್ತಿದ್ದಾರೆ, ಅವರಲ್ಲೊಬ್ಬ ತನ್ನ ಅಪ್ಪ ಎಂದು ಹುಡುಗ ನೋಡುತ್ತಾನೆ. ಅದೇ ಪುಸ್ತಕ ಪುಟಪುಟಕ್ಕೂ ನಗಿಸುತ್ತದೆ. ಡಿ.ಆರ್. ನಾಗರಾಜ್ ಅದಕ್ಕೆ ಬರೆದ ಲೇಖನದ ಹೆಸರೇ ‘ಬಡವರ ನಗುವಿನ ಶಕ್ತಿ’. ಅನಿವಾಸಿ ಓದುಗರಾದ ನಾವು ಜಾರುವುದು ಇಲ್ಲೇ. “ನೋಡಿ, ಏನೂ ಇಲ್ಲದಿದ್ದರೂ ಆಗಿನ ಮಕ್ಕಳು ಎಷ್ಟು ಖುಷಿಯಾಗಿದ್ದರು!” ಎಂದು ನಿಟ್ಟುಸಿರಿಟ್ಟು ಪುಸ್ತಕ ಮುಚ್ಚಿಡುತ್ತೇವೆ. ಇದು ಅನ್ಯಾಯದ ಓದು. ನಗುವ ಸ್ವಭಾವ ಆ ಹುಡುಗನಿಗೆ ಹುಟ್ಟಿನಿಂದ ಬಂದಿರಬಹುದು. ಆದರೆ ಆ ನಗು ಅಕ್ಷರವಾಗಿ ನಮ್ಮವರೆಗೆ ಬಂದದ್ದು ಅವ್ವ, ಅಪ್ಪ, ಕೇರಿಯ ಜನ, ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್, ಅಂಬೇಡ್ಕರರ ವಿಚಾರ ಇವೆಲ್ಲ ಕೂಡಿದ್ದರಿಂದ. ನಗುತ್ತಿದ್ದ ಎಂಬ ಕಾರಣಕ್ಕೆ ನೊಗ ಹಗುರವಾಗಲಿಲ್ಲ.

‘ಗೃಹಭಂಗ’ವೂ ಇದನ್ನೇ ಇನ್ನಷ್ಟು ಕಠೋರವಾಗಿ ಹೇಳುತ್ತದೆ. ನಂಜಮ್ಮ ಅಷ್ಟು ಜತನದಿಂದ ಬೆಳೆಸಿದ ಪಾರ್ವತಿಯನ್ನೂ ರಾಮಣ್ಣನನ್ನೂ ಪ್ಲೇಗು ಒಯ್ಯುತ್ತದೆ. ಪ್ಲೇಗಿನ ಮುಂದೆ ಸ್ವಭಾವವೂ ಸೋಲುತ್ತದೆ, ಸಾಕಣೆಯೂ ಸೋಲುತ್ತದೆ. ಕೊನೆಗೆ ನಂಜಮ್ಮನೂ ಉಳಿಯದೆ, ವಿಶ್ವನ ಕೈ ಹಿಡಿದು ಹೊರಡುವವರು ನೆಂಟರಲ್ಲ, ಭಿಕ್ಷೆ ಬೇಡಿ ಬದುಕುವ ಮಹಾದೇವಯ್ಯನವರು. ಎರಡು ಗಾದೆಗಳೂ ಲೆಕ್ಕಕ್ಕೆ ಹಿಡಿಯದ ಮೂರನೆಯ ಸಂಗತಿ ಇದು: ಮಗುವಿನ ಸುತ್ತ ಇರುವ ಊರು.

ಈ ನಾಡಿನಲ್ಲಿ ನಮ್ಮ ಮಕ್ಕಳಿಗೆ ಸಾಕರ್ ಇದೆ, ಪಿಯಾನೊ ಇದೆ. ಕರೆಯದೆಯೂ ಮನೆಯೊಳಗೆ ಬರುವ ಮಹಾದೇವಯ್ಯನವರು ಮಾತ್ರ ಇಲ್ಲ. ಹುಟ್ಟುಗುಣವನ್ನು ನಾವು ಬದಲಿಸಲಾರೆವು. ಸಾಕಣೆಯ ಭಾರವನ್ನು ಇಬ್ಬರೇ ಹೊತ್ತು ದಣಿದಿದ್ದೇವೆ. ನಮ್ಮಂಥ ಕೂಟಗಳು ಯುಗಾದಿ, ರಾಜ್ಯೋತ್ಸವಗಳಾಚೆಗೂ ಪರಸ್ಪರರ ಮಕ್ಕಳಿಗೆ ಒಂದಿಷ್ಟು ಊರಾಗಬಲ್ಲವೇ? ನೀವೇನಂತೀರಿ?