ಅಂಚೆಯಲ್ಲಿ ಬಂದ ಸಾಹಿತ್ಯ, ಮೂರು ತಟ್ಟೆ ತುಂಬ ಸಂಗೀತ

1967ರಲ್ಲಿ ಕವಿ ಪಾಲ್ ಹೇನ್ಸ್ ತಮ್ಮ ಗೆಳತಿ, ಜಾಝ್ ಸಂಯೋಜಕಿ ಕಾರ್ಲಾ ಬ್ಲೇ ಅವರಿಗೆ ಒಂದು ಕವಿತೆ ಕಳಿಸಿದರು. ಆಗ ಕಾರ್ಲಾ ಕೈಯಲ್ಲಿದ್ದ ಅರೆಬರೆ ರಚನೆಯೊಂದಕ್ಕೆ ಅದರ ಸಾಲುಗಳು ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ಅಲ್ಲಿಂದ ಇಬ್ಬರಿಗೂ ಹುಕಿ ಹತ್ತಿತು. ಮುಂದೆ ಹೇನ್ಸ್ ಭಾರತಕ್ಕೆ ಬಂದು ನೆಲೆಸಿದಾಗಲೂ ಕೆಲಸ ನಿಲ್ಲಲಿಲ್ಲ. ಇಲ್ಲಿಂದ ಸಾಹಿತ್ಯ ಅಂಚೆಯಲ್ಲಿ ಹೋಗುತ್ತಿತ್ತು, ಅಮೆರಿಕದಲ್ಲಿ ಅದಕ್ಕೆ ಸ್ವರ ಕೂಡುತ್ತಿತ್ತು. ಹಾಗೆ ಬೆಳೆದು 1971ರಲ್ಲಿ ಮೂರು ಎಲ್‌ಪಿ ತಟ್ಟೆಗಳ ಪೆಟ್ಟಿಗೆಯಾಗಿ ಹೊರಬಂದದ್ದೇ 'ಎಸ್ಕಲೇಟರ್ ಓವರ್ ದಿ ಹಿಲ್'.

ಜಗತ್ತು ಅದನ್ನು ಜಾಝ್ ಒಪೆರಾ ಎಂದು ಕರೆಯಿತು. ಮಾಡಿದವರು ಮಾತ್ರ ಆ ಹೆಸರಿಗೆ ಒಪ್ಪದೆ 'ಕ್ರೋನೋಟ್ರಾನ್ಸ್‌ಡಕ್ಷನ್' ಎಂಬ ಹೊಸ ಪದವನ್ನೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರು. ಒಪೆರಾ ಎಂದೊಡನೆ ಕಥೆ ಹುಡುಕುವವರಿಗೆ ಇಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಸೆಸಿಲ್ ಕ್ಲಾರ್ಕ್‌ನ ಹಳೆಯ ಹೋಟೆಲು, ಅಲ್ಲಿ ಬಂದು ತಂಗಿದವರು, ಜಿಂಜರ್ ಮತ್ತು ಡೇವಿಡ್ ಎಂಬ ಇಬ್ಬರು, ದೂರದಲ್ಲಿ ರಾವಲ್ಪಿಂಡಿ. ಯಾರು ಯಾರಿಗೆ ಏನಾಗಬೇಕು ಎಂಬುದು ಕೊನೆಯವರೆಗೂ ಬಿಡಿಸಿಕೊಳ್ಳುವುದಿಲ್ಲ. ಬಿಡಿಸಲು ಹೊರಟವರು ಅರ್ಧಕ್ಕೇ ಸುಸ್ತಾಗಿ ತಟ್ಟೆಯನ್ನು ಪೆಟ್ಟಿಗೆಗೆ ಹಾಕುತ್ತಾರೆ. ಹೇನ್ಸ್‌ರ ಮಾತುಗಳನ್ನು ಅರ್ಥಕ್ಕಿಂತ ಮೊದಲು ದನಿಯಾಗಿ ಕೇಳಬೇಕು. ಕಥೆ ಹೇಳುವ ಹೊಣೆಯನ್ನು ಕಾರ್ಲಾ ಮಾತಿಗೆ ಕೊಟ್ಟೇ ಇಲ್ಲ, ವಾದ್ಯವೃಂದಗಳಿಗೆ ಕೊಟ್ಟಿದ್ದಾರೆ.

ಇಡೀ ಕೃತಿಯ ಜೀವ ಇರುವುದು ಇಲ್ಲೇ. ಒಂದೇ ವಾದ್ಯಮೇಳ ಎಲ್ಲವನ್ನೂ ನುಡಿಸುವುದಿಲ್ಲ. ಒಂದೊಂದು ಲೋಕಕ್ಕೆ ಒಂದೊಂದು ತಂಡ. ಹೋಟೆಲಿನ ಹಜಾರಕ್ಕೆ ಟ್ರಾಂಬೋನ್, ಟ್ಯೂಬಾ, ಸ್ಯಾಕ್ಸೊಫೋನ್‌ಗಳ ದೊಡ್ಡ ಮೇಳ. ಅದೇ ಹೋಟೆಲಿಗೆ ಇನ್ನೊಂದು ಹವ್ಯಾಸಿ ಬ್ಯಾಂಡು. 'ಜ್ಯಾಕ್ಸ್ ಟ್ರಾವೆಲಿಂಗ್ ಬ್ಯಾಂಡ್' ಎಂಬುದು ಅಪ್ಪಟ ರಾಕ್ ತಂಡ: ಆ ಹೊತ್ತಿಗೆ ಒಡೆದಿದ್ದ 'ಕ್ರೀಮ್' ತಂಡದ ಜ್ಯಾಕ್ ಬ್ರೂಸ್ ಬಾಸ್ ಹಿಡಿದಿದ್ದಾರೆ, ಗಿಟಾರ್ ಜಾನ್ ಮೆಕ್‌ಲಾಫ್ಲಿನ್ ಅವರದು, ಡ್ರಮ್ಸ್ ಪಾಲ್ ಮೋಶನ್ ಅವರದು, ಆರ್ಗನ್ನಿಗೆ ಸ್ವತಃ ಕಾರ್ಲಾ. 'ಡೆಸರ್ಟ್ ಬ್ಯಾಂಡ್' ಎಂಬ ಮರುಭೂಮಿಯ ತಂಡಕ್ಕೆ ಡಾನ್ ಚೆರಿಯ ಟ್ರಂಪೆಟ್ ಮುಂದಾಳು. ಹಿಂದೆ ಲೆರಾಯ್ ಜೆಂಕಿನ್ಸ್‌ರ ಪಿಟೀಲು, ಕ್ಯಾಲೊ ಸ್ಕಾಟ್‌ರ ಚೆಲ್ಲೊ. ಇವೆಲ್ಲದರ ನಡುವೆ ನೆರಳಿನಂತೆ ಸುಳಿಯುವ 'ಫ್ಯಾಂಟಮ್ ಮ್ಯೂಸಿಕ್'ನಲ್ಲಿ ಡಾನ್ ಪ್ರೆಸ್ಟನ್‌ರ ಮೂಗ್ ಸಿಂಥಸೈಜರ್. ಯಾವ ತಂಡ ನುಡಿಯುತ್ತಿದೆ ಎಂದು ಕಿವಿ ಗುರುತಿಸತೊಡಗಿದರೆ ಸಾಕು, ಕಥೆ ಎಲ್ಲಿಗೆ ಬಂತು ಎಂದು ತಾನಾಗಿ ತಿಳಿಯುತ್ತದೆ.

ಹಾಡುವವರ ಪಟ್ಟಿಯೂ ಅಂಥದೇ. ಆಗಿನ್ನೂ ದೊಡ್ಡ ತಾರೆಯಾಗಿರದ ಲಿಂಡಾ ರಾನ್‌ಸ್ಟಾಟ್ ಇಲ್ಲಿ ಜಿಂಜರ್. ಆಕೆಯ 'ವೈ' ಹಾಡಿನಲ್ಲಿ ಅಮೆರಿಕದ ಹಳ್ಳಿಗಾಡಿನ ಗಾಯನದ ತಿಳಿತನವಿದೆ. ಸುತ್ತಲಿನ ಗದ್ದಲದ ನಡುವೆ ಅದು ಇನ್ನೂ ತಿಳಿಯಾಗಿ ಕೇಳುತ್ತದೆ. ಡೇವಿಡ್‌ನ ದನಿ ಜ್ಯಾಕ್ ಬ್ರೂಸ್ ಅವರದು. ಆಂಡಿ ವಾರ್ಹಾಲ್ ಚಿತ್ರಗಳ ನಟಿ ವೀವಾ ನಿರೂಪಣೆ ಮಾಡುತ್ತಾರೆ. ಜೀನ್ ಲೀ, ಶೀಲಾ ಜೋರ್ಡನ್ ಇದ್ದಾರೆ. ಕಾರ್ಲಾ ಅವರ ಪುಟ್ಟ ಮಗಳು ಕ್ಯಾರೆನ್ ಕೂಡ ಇದ್ದಾಳೆ.

ಇಷ್ಟೆಲ್ಲ ಒಂದೇ ಒಲೆಯ ಮೇಲೆ ಬೇಯಲು ಕಾರಣ ಕಾರ್ಲಾ ಅವರ ಕೈಗುಣ. 1936ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಹುಟ್ಟಿದ ಅವರ ಕಿವಿಗೆ ಮೊದಲು ಬಿದ್ದದ್ದು ಇಗರ್ಜಿಯ ಪ್ರಾರ್ಥನಾ ಗೀತೆ. ತಂದೆ ಪಿಯಾನೊ ಮೇಷ್ಟ್ರು. ಹದಿಹರೆಯದಲ್ಲೇ ನ್ಯೂಯಾರ್ಕಿಗೆ ಬಂದು 'ಬರ್ಡ್‌ಲ್ಯಾಂಡ್' ಜಾಝ್ ಕ್ಲಬ್ಬಿನಲ್ಲಿ ಸಿಗರೇಟು ಮಾರಿದರು. ಅವರಿಗೆ ಅದೇ ಪಾಠಶಾಲೆಯೂ ಆಯಿತು. 'ಹೋಟೆಲ್ ಓವರ್ಚರ್' ಎಂಬ ಹದಿಮೂರು ನಿಮಿಷದ ಪೀಠಿಕೆಯಲ್ಲಿ ಇಗರ್ಜಿಯ ಗಾಂಭೀರ್ಯ, ಬೀದಿ ಬ್ಯಾಂಡಿನ ಒರಟುತನ, ನಾಟಕದ ಮನೆಯ ವಾಲ್ಟ್ಸ್ ಒಂದರ ಹೆಗಲ ಮೇಲೆ ಇನ್ನೊಂದು ಕೈಹಾಕಿಕೊಂಡು ಬರುತ್ತವೆ. ಮೊದಲು ರಾಸ್ವೆಲ್ ರಡ್‌ರ ಟ್ರಾಂಬೋನ್ ಗದರುತ್ತದೆ. ಗಾಟೊ ಬಾರ್ಬಿಯೆರಿಯ ಸ್ಯಾಕ್ಸೊಫೋನ್ ಎದ್ದಾಗಲಂತೂ ಕೊರಳು ಬಿರಿಯುವಷ್ಟು ಕೂಗು. ಆ ಕೂಗನ್ನು ಹೊತ್ತು ನಿಲ್ಲುವ ಮೇಳದ ಬರವಣಿಗೆ ಮಾತ್ರ ಒಂದಿಷ್ಟೂ ಅಲುಗುವುದಿಲ್ಲ.

ಎರಡನೆಯ ಅರ್ಧದಲ್ಲಿ ಒಂದು ಪುಟ್ಟ ರಚನೆಯಿದೆ, ಹೆಸರು 'ಎ.ಐ.ಆರ್.', ಅಂದರೆ ಆಲ್ ಇಂಡಿಯಾ ರೇಡಿಯೊ. ಮರುಭೂಮಿಯ ತಂಡ ನಾಲ್ಕು ನಿಮಿಷ ನುಡಿಸುವ ಇದನ್ನು ಕನ್ನಡದ ಕೇಳುಗರು ತುಸು ಬೇರೆ ಸಲುಗೆಯಿಂದ ಕೇಳಬಹುದು. ಆ ಸಂಸ್ಥೆ 1957ರಿಂದ ಹೊತ್ತ 'ಆಕಾಶವಾಣಿ' ಎಂಬ ಹೆಸರು, ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಶುರುಮಾಡಿದ ಖಾಸಗಿ ಬಾನುಲಿಯದು ತಾನೆ.

ಧ್ವನಿಮುದ್ರಣ 1968ರ ನವೆಂಬರಿನಲ್ಲಿ ಆರಂಭವಾಗಿ 1971ರ ಜೂನ್‌ವರೆಗೆ ಎಳೆಯಿತು. ದೊಡ್ಡ ಕಂಪನಿಯ ಬೆನ್ನಾಸರೆ ಇರಲಿಲ್ಲ. ಕಾರ್ಲಾ ಮತ್ತು ಟ್ರಂಪೆಟ್ ವಾದಕ ಮೈಕೆಲ್ ಮ್ಯಾಂಟ್ಲರ್ ಕಟ್ಟಿದ 'ಜಾಝ್ ಕಂಪೋಸರ್ಸ್ ಆರ್ಕೆಸ್ಟ್ರಾ' ಸಂಘವೇ ಪ್ರಕಾಶಕ. ಸಾಲಸೋಲ ಮಾಡಿ, ಗೆಳೆಯರನ್ನು ಕಾಡಿ ದುಡ್ಡು ಹೊಂದಿಸಿದರು. ಯಾರು ಯಾವಾಗ ಸಿಕ್ಕರೋ ಆಗ ಅವರ ಭಾಗ ಮುದ್ರಿಸಿಕೊಂಡರು.  ವೇದಿಕೆಯ ಮೇಲೆ ಇಡಿಯಾಗಿ ನುಡಿಸಲು 1997ರವರೆಗೆ, ಜರ್ಮನಿಯ ಕಲೋನ್ ನಗರದವರೆಗೆ ಕಾಯಬೇಕಾಯಿತು. ಹೇನ್ಸ್ 2003ರಲ್ಲಿ ತೀರಿಕೊಂಡರು, ಕಾರ್ಲಾ 2023ರ ಅಕ್ಟೋಬರಿನಲ್ಲಿ.

ಕೊರತೆ ಇಲ್ಲವೆಂದಲ್ಲ. ಹೋಟೆಲಿನ ಬಿಡಿ ಮಾತುಗಳು ಕೆಲವೆಡೆ ಜಾಳಾಗುತ್ತವೆ, ಎರಡನೆಯ ತಟ್ಟೆಯ ನಡುವೆ ಬಿಗಿ ಸಡಿಲುತ್ತದೆ. ಆರನೆಯ ಮಗ್ಗುಲು ಅದನ್ನೆಲ್ಲ ಮರೆಸುತ್ತದೆ. ಕೊನೆಗೆ ಉಳಿಯುವುದು ಒಂದು ಗುಂಯ್‌ಗುಟ್ಟುವ ಶ್ರುತಿ. ಎಲ್‌ಪಿಯ ಕೊನೆಯ ಗೀರು ತನ್ನೊಳಗೇ ಸುತ್ತುವಂತೆ ಕೊರೆಯಲಾಗಿದ್ದು, ಯಾರಾದರೂ ಎದ್ದು ಮುಳ್ಳನ್ನು ಎತ್ತುವ ತನಕ ಆ ನಾದ ನಿಲ್ಲುವುದಿಲ್ಲ. ಸಿ.ಡಿ.ಯಲ್ಲಿ ಆ ಸೌಲಭ್ಯವಿಲ್ಲದೆ ಹಲವು ನಿಮಿಷಗಳ ಕಾಲ ಅದನ್ನು ಎಳೆದು ನಿಲ್ಲಿಸಿದ್ದಾರೆ.

ಹೊಸಬರು ಪೀಠಿಕೆಯಿಂದ ಶುರುಮಾಡಬೇಕಿಲ್ಲ. 'ರಾವಲ್ಪಿಂಡಿ ಬ್ಲೂಸ್' ಹಾಕಿಕೊಳ್ಳಲಿ. ಅಲ್ಲಿ ಬ್ರೂಸ್ ಮತ್ತು ಮೆಕ್‌ಲಾಫ್ಲಿನ್‌ರ ರಾಕ್ ತಂಡವೂ ಚೆರಿಯ ಮರುಭೂಮಿಯ ತಂಡವೂ ಎದುರುಬದುರಾಗುತ್ತವೆ. ಅದನ್ನು ಎರಡು ಸಲ ಕೇಳಿ, ಆಮೇಲೆ ಒಂದು ರಜೆಯ ಸಂಜೆ ಬಿಡುವು ಮಾಡಿಕೊಂಡು ಮೊದಲ ತಟ್ಟೆಗೆ ಬರಲಿ.